ಆಕ್ಸ್‌ಫರ್ಡ್: ಊರಿಗೂ ಗೌನಿಗೂ ನಡೆದ ಜಗಳ

ಆಕ್ಸ್‌ಫರ್ಡ್ ಎಂದರೆ ಎತ್ತುಗಳು ಹೊಳೆ ದಾಟುತ್ತಿದ್ದ ಜಾಗ ಎಂದರ್ಥ. ಲಂಡನ್ನಿಂದ ವಾಯವ್ಯಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ಥೇಮ್ಸ್ ಮತ್ತು ಚರ್ವೆಲ್ ನದಿಗಳು ಕೂಡುವಲ್ಲಿ ಈ ಊರಿದೆ. ಥೇಮ್ಸ್ ಇಲ್ಲಿ ಹರಿಯುವಷ್ಟು ದೂರ ಅದಕ್ಕೆ ಐಸಿಸ್ ಎಂಬ ಇನ್ನೊಂದು ಹೆಸರು. ಹೊರಗಿನವರಿಗೆ ಆಕ್ಸ್‌ಫರ್ಡ್ ಎಂದರೆ ವಿಶ್ವವಿದ್ಯಾಲಯವೇ. ಆದರೆ ಮೊದಲು ಹುಟ್ಟಿದ್ದು ಊರು, ಗೌನು ತೊಟ್ಟವರು ಬಂದದ್ದು ಆಮೇಲೆ.

ಬಂದವರಿಗೆ ಬಾಡಿಗೆ ಕೋಣೆ, ರೊಟ್ಟಿ, ಮದ್ಯ ಎಲ್ಲವನ್ನೂ ಕೊಡಬೇಕಾದವರು ಊರಿನವರು. ದರ ಹೆಚ್ಚಾಯಿತೆಂದು ಗೊಣಗುವವರು ವಿದ್ಯಾರ್ಥಿಗಳು. ಅವರ ಮೇಲೆ ಊರಿನ ನ್ಯಾಯಾಲಯದ ಕೈ ನಡೆಯದು, ಚರ್ಚಿನ ರಕ್ಷೆ ಬೇರೆ. ಮನಸ್ತಾಪಕ್ಕೆ ಇಷ್ಟು ಸಾಲದೆ? 1209ರಲ್ಲಿ ಹೆಂಗಸೊಬ್ಬಳ ಕೊಲೆಯ ಸಿಟ್ಟಿಗೆ ಊರಿನವರು ಕೆಲವು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದರು. ಹೆದರಿ ಓಡಿದವರಲ್ಲಿ ಕೆಲವರು ಸೇರಿದ ಊರೇ ಕೇಂಬ್ರಿಜ್. ಅಲ್ಲಿನ ವಿಶ್ವವಿದ್ಯಾಲಯದ ಮೂಲ ಅದು.

ಇದಕ್ಕಿಂತ ಭೀಕರವಾದದ್ದು 1355ರ ಗಲಭೆ. ಫೆಬ್ರವರಿ 10, ಸಂತ ಸ್ಕಾಲಾಸ್ಟಿಕಾಳ ಹಬ್ಬದ ದಿನ. ಊರ ನಡುವಿನ ಕಾರ್‌ಫ್ಯಾಕ್ಸ್ ವೃತ್ತದ ಮದ್ಯದಂಗಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ದ್ರಾಕ್ಷಾರಸ ಕೆಟ್ಟಿದೆ ಎಂದರು. ಅಂಗಡಿಯವನು ಒರಟಾಗಿ ಉತ್ತರಿಸಿದ. ಪಾನೀಯ ಅವನ ಮುಖಕ್ಕೆ ಹೋಯಿತು. ಊರಿನ ಚರ್ಚಿನ ಗಂಟೆ ಊರಿನವರನ್ನು ಕರೆಯಿತು, ಸೇಂಟ್ ಮೇರಿ ಚರ್ಚಿನ ಗಂಟೆ ವಿದ್ಯಾರ್ಥಿಗಳನ್ನು ಕರೆಯಿತು. ಸುತ್ತಲ ಹಳ್ಳಿಗಳಿಂದಲೂ ಜನ ಬಿಲ್ಲುಬಾಣ ಹಿಡಿದು ನುಗ್ಗಿದರು. ಮೂರು ದಿನದ ಹೊಡೆದಾಟದಲ್ಲಿ ಸತ್ತ ವಿದ್ಯಾರ್ಥಿಗಳು 63 ಎಂದು ಪರಂಪರೆಯ ಲೆಕ್ಕ.

ದೊರೆ ಮೂರನೇ ಎಡ್ವರ್ಡ್ ವಿಶ್ವವಿದ್ಯಾಲಯದ ಪಕ್ಷ ವಹಿಸಿದ. ರೊಟ್ಟಿ, ಮದ್ಯದ ದರ, ತೂಕ, ಅಳತೆಗಳ ಮೇಲಿನ ಅಧಿಕಾರವೂ ವಿಶ್ವವಿದ್ಯಾಲಯದ ಪಾಲಾಯಿತು. ಊರಿನ ಮೇಯರ್ ಮತ್ತು ಪ್ರಮುಖರು ಪ್ರತಿ ವರ್ಷ ಅದೇ ದಿನ ಸೇಂಟ್ ಮೇರಿ ಚರ್ಚಿಗೆ ನಡೆದುಹೋಗಿ, ಸತ್ತವರ ಹೆಸರಿನಲ್ಲಿ ತಲೆಗೊಂದು ಪೆನ್ನಿಯಂತೆ 63 ಪೆನ್ನಿ ಒಪ್ಪಿಸಬೇಕಿತ್ತು. ಹಣ ಅಲ್ಪ, ಅವಮಾನ ದೊಡ್ಡದು. ಇದು ನಿಂತದ್ದು 1825ರಲ್ಲಿ. ಗಲಭೆಗೆ 600 ವರ್ಷವಾದಾಗ, 1955ರಲ್ಲಿ, ಮೇಯರಿಗೆ ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟಿತು, ಕುಲಪತಿಯನ್ನು ಊರು ತನ್ನ ಗೌರವ ಪೌರನನ್ನಾಗಿ ಮಾಡಿಕೊಂಡಿತು.

ಗೌನಿನವರ ಬಿಗುಮಾನ ದೊರೆಗಳ ಎದುರೂ ಸಡಿಲಲಿಲ್ಲ ಎನ್ನಬೇಕು. 1602ರಲ್ಲಿ ಬಾಗಿಲು ತೆರೆದ ಬೋಡ್ಲಿಯನ್ ಗ್ರಂಥಾಲಯ ಪುಸ್ತಕವನ್ನು ಹೊರಗೆ ಕೊಡುವುದಿಲ್ಲ. 1645ರಲ್ಲಿ ದೊರೆ ಒಂದನೇ ಚಾರ್ಲ್ಸ್ ಕೇಳಿದಾಗಲೂ ಕೊಡಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಬಿಗಿತನ ಅನ್ಯಾಯವೇ ಆಗಿತ್ತು. ಅವರಿಗೆ ಕಾಲೇಜುಗಳು 1870ರ ದಶಕದ ಕೊನೆಯಲ್ಲೇ ಆರಂಭವಾದರೂ ಪದವಿ ಸಿಗಲು 1920 ಬರಬೇಕಾಯಿತು. ನಮ್ಮವರ ಮಟ್ಟಿಗೆ ಹೇಳುವುದಾದರೆ, ಮೈಸೂರಿನಲ್ಲಿ ಪಾಠ ಹೇಳಿದ್ದ ಎಸ್. ರಾಧಾಕೃಷ್ಣನ್ 1936ರಲ್ಲಿ ಇಲ್ಲಿ ಪ್ರಾಧ್ಯಾಪಕರಾದರು. ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಬಂದ ಗಿರೀಶ ಕಾರ್ನಾಡರು 60ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್ ಯೂನಿಯನ್ ಚರ್ಚಾಕೂಟದ ಅಧ್ಯಕ್ಷರೂ ಆಗಿದ್ದರು.

ಊರಿಗೆ ತನ್ನದೇ ಕಸುವು ಬಂದದ್ದು ಸೈಕಲ್ ರಿಪೇರಿ ಮಾಡುತ್ತಿದ್ದ ವಿಲಿಯಂ ಮಾರಿಸ್‌ನಿಂದ. 1913ರಲ್ಲಿ ಕೌಲಿಯಲ್ಲಿ ಅವನು ಮೋಟಾರು ತಯಾರಿಸತೊಡಗಿದ. ಅಲ್ಲಿನ ಕಾರ್ಖಾನೆ ಬೆಳೆದು ಸಾವಿರಾರು ಕೈಗಳಿಗೆ ಕೆಲಸ ಕೊಟ್ಟಿತು. ಕೌಲಿಯಲ್ಲಿ ಇಂದಿಗೂ ಕಾರು ತಯಾರಾಗುತ್ತದೆ.

ಆದರೆ ಅಷ್ಟರಲ್ಲಿ ಊರೇ ಎರಡಾಗತೊಡಗಿತ್ತು. ಉತ್ತರದ ಕಟ್ಸ್‌ಲೋದಲ್ಲಿ ನಗರಸಭೆ ಬಾಡಿಗೆ ಮನೆಗಳನ್ನು ಕಟ್ಟಿ, ಕೊಳೆಗೇರಿಯಿಂದ ಎಬ್ಬಿಸಿದವರನ್ನೂ ತಂದಿರಿಸಿತು. ಪಕ್ಕದಲ್ಲೇ ಸ್ವಂತ ಮನೆ ಕಟ್ಟಿ ಮಾರುತ್ತಿದ್ದ ಕಂಪೆನಿಗೆ ಇದು ಸಹಿಸಲಿಲ್ಲ. 1934ರಲ್ಲಿ ಎರಡು ಬೀದಿಗಳಿಗೆ ಅಡ್ಡಲಾಗಿ ಎರಡು ಮೀಟರಿಗೂ ಎತ್ತರದ, ತಲೆಯಲ್ಲಿ ಕಬ್ಬಿಣದ ಮೊಳೆಗಳಿದ್ದ ಗೋಡೆ ಎದ್ದಿತು. ಕಣ್ಣಿಗೆ ಕಾಣುವ ಹೆದ್ದಾರಿಗೆ ಹೋಗಲು ಬಾಡಿಗೆ ಮನೆಯವರು ಊರು ಸುತ್ತಬೇಕಾಯಿತು. ಕೊನೆಗೆ ನಗರಸಭೆಯೇ ಜಾಗ ಕೊಂಡು 1959ರಲ್ಲಿ ಗೋಡೆ ಕೆಡವಿತು. ಬೀದಿಗಳು ಈಗ ಒಂದರೊಳಗೊಂದು ಸೇರಿವೆ. ಆದರೆ ಗೋಡೆಯಿದ್ದ ಗೆರೆಯ ಒಂದು ಕಡೆ ವೆಂಟ್‌ವರ್ತ್ ರಸ್ತೆ, ಇನ್ನೊಂದು ಕಡೆ ಆಲ್ಡ್ರಿಚ್ ರಸ್ತೆ. ಹೆಸರು ಮಾತ್ರ ಒಂದಾಗಿಲ್ಲ.