ಹೆಡ್‌ಲೈಟಿನಲ್ಲಿ ಸೋರುವ ಬೆಳಕು

ವಾಹನದ ಹೆಡ್‌ಲೈಟಿನಿಂದ ಹೊರಡುವ ಬೆಳಕಿನಲ್ಲಿ ಉದ್ದೇಶಿತ ದಿಕ್ಕನ್ನು ಬಿಟ್ಟು ಬೇರೆಡೆಗೆ ಚದುರುವ ಅಂಶವನ್ನು ಸೋರುಬೆಳಕು ಎನ್ನಬಹುದು. ಒಟ್ಟು ಬೆಳಕಿನಲ್ಲಿ ಅದರ ಪಾಲು ಅಲ್ಪವಾದರೂ, ಎದುರಿನಿಂದ ಬರುವವರ ಕಣ್ಣಿಗೆ ಬಿದ್ದಾಗ ಅದು ಕಣ್ಣಿನೊಳಗೇ ಚದುರಿ ಅಕ್ಷಿಪಟಲದ ಮೇಲೆ ತೆಳುವಾದ ಮುಸುಕಿನಂತೆ ಹರಡುತ್ತದೆ. ಆ ಮುಸುಕಿನಲ್ಲಿ ರಸ್ತೆಯಂಚಿನ ಪಾದಚಾರಿಯೂ ದನಕರುವೂ ಕಾಣದಾಗುತ್ತವೆ. ಸೋಂದಾದಿಂದ ಶಿರಸಿ ಮಾರ್ಗವಾಗಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರೂ, ಯಲ್ಲಾಪುರ ಮಾರ್ಗವಾಗಿ ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗುವವರೂ ರಾತ್ರಿಯಲ್ಲಿ ಬೀದಿದೀಪವಿಲ್ಲದ ಕಾಡಿನ ತಿರುವುಗಳನ್ನು ದಾಟಬೇಕಾಗುತ್ತದೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಪೇಟೆಯ ಬೆಳಕಿನಲ್ಲಿ ಗಮನಕ್ಕೂ ಬಾರದಷ್ಟು ಸೋರುಬೆಳಕೇ ಸಾಕಷ್ಟು ತೊಂದರೆ ಕೊಡುವುದರಿಂದ, ಈ ವಿಷಯವು ನಗರಗಳಿಗಿಂತ ಇಂತಹ ಸೀಮೆಗಳಿಗೇ ಹೆಚ್ಚು ಸಂಬಂಧಿಸಿದ್ದು.

ಚಾಲಕರು ‘ಡಿಮ್’ ಅಥವಾ ‘ಡಿಪ್’ ಎಂದು ಕರೆಯುವ ತಗ್ಗು ಕಿರಣಪುಂಜಕ್ಕೆ ಮೇಲ್ಗಡೆ ಒಂದು ಸ್ಪಷ್ಟ ಅಂಚು ಇರುತ್ತದೆ. ಆ ಅಂಚಿನ ಕೆಳಗೆ ಪ್ರಖರ ಬೆಳಕು, ಮೇಲೆ ಬಹುಮಟ್ಟಿಗೆ ಕತ್ತಲೆ. ಭಾರತದಂತೆ ಎಡಗಡೆ ಸಂಚಾರವಿರುವ ದೇಶಗಳಲ್ಲಿ ಅಂಚಿನ ಬಲಭಾಗವು ಸಮತಲವಾಗಿರುತ್ತದೆ. ಎಡಭಾಗವು ರಸ್ತೆಯ ಪಕ್ಕ ಕಾಣಲೆಂದು ಸುಮಾರು 15 ಡಿಗ್ರಿ ಮೇಲಕ್ಕೆ ಓರೆಯಾಗಿರುತ್ತದೆ. ವಿಶ್ವಸಂಸ್ಥೆಯ 112ನೆಯ ವಾಹನ ನಿಯಮಾವಳಿಯು, ಎದುರು ವಾಹನವು 50 ಮೀಟರ್ ದೂರದಲ್ಲಿದ್ದಾಗ ಅದರ ಚಾಲಕನ ಕಣ್ಣು ಇರಬಹುದಾದ ಬಿಂದುವನ್ನು ಗುರುತಿಸಿ, ಅಲ್ಲಿ ಬೆಳಕಿನ ತೀವ್ರತೆ 350 ಕ್ಯಾಂಡೆಲಾ ಮೀರಬಾರದು ಎನ್ನುತ್ತದೆ. ಕ್ಯಾಂಡೆಲಾ ಎಂದರೆ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಹೊರಡುವ ಬೆಳಕಿನ ಪ್ರಮಾಣವನ್ನು ಹೇಳುವ ಏಕಮಾನ. ಆ ಬಿಂದುವು ದೀಪದ ಮಟ್ಟದಿಂದ ದೂರದ ಶೇಕಡಾ ಒಂದರಷ್ಟು, ಅಂದರೆ 0.57 ಡಿಗ್ರಿ, ಮೇಲಿದೆ. ಅಷ್ಟೇ ಕೋನ ಕೆಳಗೆ, ತನ್ನ ಪಥದ ಕಡೆಯ ಇನ್ನೊಂದು ಬಿಂದುವಿನಲ್ಲಿ, ಸಾಮಾನ್ಯ ಹ್ಯಾಲೊಜೆನ್ ಹೆಡ್‌ಲೈಟು ಕನಿಷ್ಠ 10,100 ಕ್ಯಾಂಡೆಲಾ ಕೊಡಲೇಬೇಕು. ಕೆಲವೇ ಡಿಗ್ರಿಗಳ ಅಂತರದಲ್ಲಿ ಬೆಳಕು ಸುಮಾರು ಮೂವತ್ತು ಪಟ್ಟು ತಗ್ಗಬೇಕೆಂಬ ಈ ಬೇಡಿಕೆಯೇ ಹೆಡ್‌ಲೈಟ್ ವಿನ್ಯಾಸದ ನಿಜವಾದ ಕಷ್ಟ. ಬೆಳಕನ್ನು ಹೆಚ್ಚಿಸುವುದು ಸುಲಭ. ಬೇಡವಾದ ಕಡೆ ಅದನ್ನು ತಡೆಯುವುದು ಸುಲಭವಲ್ಲ.

ಈ ತಡೆಯುವಿಕೆಯ ಜಾಣ್ಮೆಯನ್ನು ಭಾರತದ ರಸ್ತೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್4 ಬಲ್ಬಿನಲ್ಲಿ ಕಾಣಬಹುದು. ಅದರ ಗಾಜಿನೊಳಗೆ ಎರಡು ತಂತುಗಳಿದ್ದು, ಎತ್ತರದ ಕಿರಣಪುಂಜದ (ಹೈ ಬೀಮ್) ತಂತು ಹಿಂಬದಿಯ ಪ್ರತಿಫಲಕದ ನಾಭಿಯ ಬಳಿಯಲ್ಲಿಯೂ, ಡಿಮ್ ತಂತು ಅದಕ್ಕಿಂತ ಮುಂದೆಯೂ ಇರುತ್ತವೆ. ಡಿಮ್ ತಂತುವಿನ ಕೆಳಗೆ ಲೋಹದ ಪುಟ್ಟ ತಟ್ಟೆಯೊಂದಿದೆ. ಪ್ರತಿಫಲಕದ ಕೆಳ ಅರ್ಧಕ್ಕೆ ತಾಗಿದರೆ ಮೇಲಕ್ಕೆ ಚಿಮ್ಮುತ್ತಿದ್ದ ಕಿರಣಗಳನ್ನು ಆ ತಟ್ಟೆ ಮೊದಲೇ ಅಡ್ಡಗಟ್ಟುತ್ತದೆ, ಮೇಲರ್ಧಕ್ಕೆ ತಾಗಿದ ಕಿರಣಗಳು ಮಾತ್ರ ರಸ್ತೆಗೆ ಇಳಿಯುತ್ತವೆ. ಬಲ್ಬಿನ ತುದಿಗೆ ಬಳಿದ ಕಪ್ಪು ಲೇಪವೂ ಅಲಂಕಾರಕ್ಕಲ್ಲ. ಪ್ರತಿಫಲಕವನ್ನು ಮುಟ್ಟದೆ ನೇರವಾಗಿ ಮುಂದಕ್ಕೆ ನುಗ್ಗುವ ಬೆಳಕನ್ನು ಅದು ತಡೆಯುತ್ತದೆ. ಪ್ರೊಜೆಕ್ಟರ್ ಮಾದರಿಯಲ್ಲಿ ಇದೇ ಕೆಲಸವನ್ನು ಮಸೂರದ ಹಿಂದೆ ನಿಲ್ಲಿಸಿದ ಲೋಹದ ತಡೆಪಟ್ಟಿ ಮಾಡುತ್ತದೆ: ಮಸೂರವು ತಡೆಪಟ್ಟಿಯ ಅಂಚನ್ನೇ ತಲೆಕೆಳಗಾಗಿ ರಸ್ತೆಯ ಮೇಲೆ ಮೂಡಿಸುವುದರಿಂದ ಕಿರಣಪುಂಜದ ಅಂಚು ಹೆಚ್ಚು ಚೊಕ್ಕವಾಗಿರುತ್ತದೆ.

ಆದರೂ ಸೋರಿಕೆಗೆ ದಾರಿಗಳು ಉಳಿಯುತ್ತವೆ. ಮುಂಬದಿಯ ಪಾಲಿಕಾರ್ಬೊನೇಟ್ ಮುಚ್ಚಳದ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡಾ 5ರಷ್ಟನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಹಾಗೆ ಮರಳಿದ ಬೆಳಕು ಒಳಗಿನ ಹೊಳಪಿನ ಅಲಂಕಾರಪಟ್ಟಿಗೆ ತಾಗಿ, ಯಾವ ಲೆಕ್ಕಕ್ಕೂ ಸಿಗದ ಕೋನದಲ್ಲಿ ಮತ್ತೆ ಹೊರಬೀಳುತ್ತದೆ. ಆದುದರಿಂದ ವಿನ್ಯಾಸಕಾರರು ಗಣಕಯಂತ್ರದಲ್ಲಿ ಲಕ್ಷಾಂತರ ಕಿರಣಗಳ ಪಥವನ್ನು ಒಂದೊಂದಾಗಿ ಹಿಂಬಾಲಿಸಿ, ತಪ್ಪಿಸಿಕೊಳ್ಳುವ ಕಿರಣಗಳು ಯಾವ ಭಾಗವನ್ನು ಮುಟ್ಟಿ ಬಂದವೆಂಬುದನ್ನು ಪತ್ತೆಹಚ್ಚಿ, ಆ ಭಾಗಕ್ಕೆ ಹೊಳಪಿಲ್ಲದ ಕಪ್ಪು ಮೈ ಕೊಡುತ್ತಾರೆ, ಇಲ್ಲವೆ ಅಡ್ಡಗೋಡೆ ಇಡುತ್ತಾರೆ. ಮೇಲಿನ ಕತ್ತಲೆ ಪೂರ್ಣವಾಗಿರಬಾರದು ಎಂಬುದೂ ಗಮನಾರ್ಹ. ರಸ್ತೆಯ ಮೇಲೆ ಎತ್ತರದಲ್ಲಿ ಕಟ್ಟಿದ ಊರಿನ ಫಲಕಗಳು ಓದಲು ಸಿಗುವಂತೆ, ಅಳತೆಮಾಡಿದ ಅಲ್ಪ ಬೆಳಕನ್ನು ಬೇಕೆಂದೇ ಮೇಲಕ್ಕೆ ಬಿಡಲಾಗುತ್ತದೆ.

ಮಳೆಗಾಲದ ಘಟ್ಟದಲ್ಲಿ ಸೋರುಬೆಳಕು ಸ್ವಂತ ಚಾಲಕನಿಗೂ ಕೇಡು ಮಾಡುತ್ತದೆ. ಅಂಚಿನ ಮೇಲಕ್ಕೆ ಸೋರಿದ ಬೆಳಕು ಮಂಜಿನ ಹನಿಗಳಿಗೆ ತಾಗಿ ಕಣ್ಣೆದುರೇ ಬಿಳಿಗೋಡೆಯಾಗಿ ನಿಲ್ಲುತ್ತದೆ. ಹೈ ಬೀಮ್ ಹಾಕಿದಷ್ಟೂ ದಾರಿ ಮರೆಯಾಗುವುದಕ್ಕೆ ಇದೇ ಕಾರಣ. ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವಾದ್ದರಿಂದ ಅವು ಎಲ್ಲ ಬಣ್ಣಗಳನ್ನೂ ಬಹುಪಾಲು ಒಂದೇ ರೀತಿ ಚದುರಿಸುತ್ತವೆ. ಅಲ್ಲಿ ನೆರವಾಗುವುದು ಬಣ್ಣಕ್ಕಿಂತ ಹೆಚ್ಚಾಗಿ ತಗ್ಗಿನಲ್ಲಿ ಕೂರಿಸಿದ, ಅಗಲವಾದ, ಮೇಲಂಚು ಚೊಕ್ಕವಾಗಿರುವ ದೀಪ.

ಹೀಗೆ ಎಚ್ಚರದಿಂದ ಕಟ್ಟಿದ ವ್ಯವಸ್ಥೆಯನ್ನು ಬಲ್ಬು ಬದಲಾಯಿಸುವ ಒಂದೇ ಕೆಲಸ ಕೆಡಿಸಬಲ್ಲದು. ತಂತುವಿಗಾಗಿ ರೂಪಿಸಿದ ಪ್ರತಿಫಲಕದಲ್ಲಿ ಅಗ್ಗದ ಎಲ್‌ಇಡಿ ಬಲ್ಬನ್ನು ಕೂರಿಸಿದಾಗ ಬೆಳಕಿನ ಮೂಲವು ಇರಬೇಕಾದ ಸ್ಥಾನದಲ್ಲಿ, ಇರಬೇಕಾದ ಗಾತ್ರದಲ್ಲಿ ಇರುವುದಿಲ್ಲ. ನಾಭಿದೂರ 25 ಮಿಲಿಮೀಟರ್ ಇರುವ ಪ್ರತಿಫಲಕದಲ್ಲಿ ಮೂಲವು ಪಕ್ಕಕ್ಕೆ 1 ಮಿಲಿಮೀಟರ್ ಸರಿದರೆ ಕಿರಣವು ಎರಡು ಡಿಗ್ರಿಗಿಂತ ಹೆಚ್ಚು ತಿರುಗುತ್ತದೆ, 50 ಮೀಟರ್ ದೂರದಲ್ಲಿ ಅದು ಸುಮಾರು 2 ಮೀಟರ್ ಆಗುತ್ತದೆ. ಜರ್ಮನಿಯು 2020ರಲ್ಲಿ ಇಂತಹ ಬದಲಿ ಎಲ್‌ಇಡಿಗೆ ಅನುಮತಿ ಕೊಟ್ಟಾಗಲೂ ಪರೀಕ್ಷಿಸಿದ ನಿರ್ದಿಷ್ಟ ವಾಹನಗಳಿಗಷ್ಟೇ ಅದನ್ನು ಸೀಮಿತಗೊಳಿಸಿದ್ದು ಸರಿಯಾದ ನಿಲುವು. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮವು ಮುಂಬದಿಯ ದೀಪದ ಬೆಳಕು ಎದುರಿನವರ ಕಣ್ಣು ಕೋರೈಸದಂತೆ ಕೆಳಕ್ಕೆ ಬಾಗಿರಬೇಕೆಂದು ವಿಧಿಸುತ್ತದೆ. ದೀಪವನ್ನು ಹಾಗೆ ನಿರ್ಮಿಸುವುದಷ್ಟೇ ಅಲ್ಲದೆ ಹಾಗೆಯೇ ಇಟ್ಟುಕೊಳ್ಳುವುದನ್ನೂ ಅದು ಕೇಳುತ್ತದೆ.

ಇಟ್ಟುಕೊಳ್ಳುವ ಈ ಭಾಗವು ಮಲೆನಾಡಿನಲ್ಲಿ ಹೆಚ್ಚು ಶ್ರಮದ್ದು. ಕೆಮ್ಮಣ್ಣಿನ ಧೂಳು, ಮುಚ್ಚಳದ ಗೀರುಗಳು, ಬಿಸಿಲಿಗೆ ಬಂದ ಹಳದಿ ಮಬ್ಬು, ಒಳಗೆ ಕಟ್ಟಿದ ತೇವ, ಇವೆಲ್ಲ ಚೊಕ್ಕ ಅಂಚನ್ನು ಕದಡುತ್ತವೆ. ಹೊರೆಯ ಪರಿಣಾಮವಂತೂ ಇನ್ನೂ ನೇರವಾದುದು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.5 ಮೀಟರ್ ಅಂತರವಿರುವ ಪಿಕಪ್‌ನಲ್ಲಿ ಅಡಿಕೆ ಮೂಟೆಗಳ ಭಾರಕ್ಕೆ ಹಿಂಬದಿ 5 ಸೆಂಟಿಮೀಟರ್ ಕುಸಿದರೆ ಕಿರಣಪುಂಜ ಶೇಕಡಾ 2ರಷ್ಟು ಮೇಲೇರುತ್ತದೆ. ಶೇಕಡಾ 1 ಕೆಳಗಿರಬೇಕಾಗಿದ್ದ ಅಂಚು ಶೇಕಡಾ 1 ಮೇಲಕ್ಕೆ, ಎದುರು ಚಾಲಕನ ಕಣ್ಣಿನ ಬಿಂದುವಿಗೇ ಬಂದು ನಿಲ್ಲುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪದ ಮಟ್ಟವನ್ನು ತಗ್ಗಿಸುವ ಗುಂಡಿ ಇರುವ ವಾಹನಗಳಲ್ಲಿ ಅದನ್ನು ಹೊರೆಗೆ ತಕ್ಕಂತೆ ತಿರುಗಿಸಬೇಕು. ಅದಿಲ್ಲದ ವಾಹನವನ್ನು ಸಮನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ನಿಲ್ಲಿಸಿ, ಎಂದಿನ ಹೊರೆಯಿಟ್ಟು, ಡಿಮ್ ಹಾಕಿ ನೋಡಿದರೆ, ಗೋಡೆಯ ಮೇಲಿನ ಅಂಚು ದೀಪದ ಮಧ್ಯಭಾಗಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಇರಬೇಕು. ಇಲ್ಲದಿದ್ದರೆ ದೀಪದ ಹಿಂದಿನ ಹೊಂದಾಣಿಕೆಯ ಸ್ಕ್ರೂ ತಿರುಗಿಸಿ ಅದನ್ನು ಅಲ್ಲಿಗೆ ಇಳಿಸಬಹುದು.