ಕೋಲಾರ ಜಿಲ್ಲೆಯ ಸಣ್ಣ ಉದ್ಯಮಗಳು ಮತ್ತು ಕಾನೂನು

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಕರ್ನಾಟಕದ ಪೂರ್ವ ಗಡಿಯಲ್ಲಿರುವ ಕೋಲಾರ ಜಿಲ್ಲೆಗೆ ಸೇರಿವೆ. ಕೋಲಾರದ ಟೊಮೆಟೊ ಮಾರುಕಟ್ಟೆ, ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ ಮತ್ತು ಹೆಂಚು, ಮುಳಬಾಗಿಲಿನ ದೋಸೆ ಹೋಟೆಲುಗಳು ಇಲ್ಲಿನ ಸಣ್ಣ ಉದ್ಯಮಗಳಲ್ಲಿ ಹೆಸರಾದವು. ಇಂತಹ ಉದ್ಯಮವನ್ನು ಆರಂಭಿಸಲು ಪಾಲಿಸಬೇಕಾದ ನಿಯಮಗಳು ಕೆಲವೇ. ವಹಿವಾಟು ಬೆಳೆದಂತೆ, ಅಥವಾ ಸರಕು ರಾಜ್ಯದ ಗಡಿಯನ್ನು ದಾಟಿದಂತೆ, ಹೊಸ ಕಾನೂನುಗಳು ಅನ್ವಯಿಸುತ್ತವೆ. ತೊಡಕುಗಳು ಹೆಚ್ಚಾಗಿ ಉಂಟಾಗುವುದು ಈ ಎರಡನೆಯ ಹಂತದಲ್ಲಿ.

ಒಡೆತನದ ಸ್ವರೂಪ

ಒಬ್ಬನೇ ನಡೆಸುವ ಉದ್ಯಮದಲ್ಲಿ ಉದ್ಯಮದ ಸಾಲಕ್ಕೆ ಮಾಲೀಕನ ಸ್ವಂತ ಆಸ್ತಿಯೂ ಹೊಣೆಯಾಗುತ್ತದೆ. ಪಾಲುದಾರಿಕೆಗೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಅನ್ವಯಿಸುತ್ತದೆ. ಅದರಡಿ ನೋಂದಣಿ ಕಡ್ಡಾಯವಲ್ಲ. ಆದರೆ 69ನೆಯ ಕಲಮಿನಂತೆ, ನೋಂದಣಿಯಾಗದ ಸಂಸ್ಥೆಯು ಒಪ್ಪಂದದ ಹಕ್ಕನ್ನು ಜಾರಿಗೊಳಿಸಲು ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಅಣ್ಣತಮ್ಮಂದಿರ ನಡುವೆ ಕಾಗದಪತ್ರವೇಕೆ ಎಂಬ ಸಂಕೋಚ ನಮ್ಮ ಊರುಗಳಲ್ಲಿ ಸಹಜವಾದುದು. ಆ ಸಂಕೋಚದ ಬೆಲೆ ತಿಳಿಯುವುದು ಬಾಕಿ ವಸೂಲಿಗೆ ಹೊರಟಾಗ. ಹೊಣೆಯನ್ನು ಮಿತಗೊಳಿಸಬಯಸುವವರು 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಅಥವಾ 2013ರ ಕಂಪನಿ ಕಾಯ್ದೆಯ ಮೊರೆಹೋಗಬಹುದು.

ಸರಕು ಮತ್ತು ಸೇವಾ ತೆರಿಗೆ

ರಾಜ್ಯದೊಳಗೆ ಕೇವಲ ಸರಕು ಮಾರುವವರು ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದಾಗ ಜಿಎಸ್‌ಟಿ ನೋಂದಣಿ ಪಡೆಯಬೇಕು. ಹೋಟೆಲಿನ ಊಟತಿಂಡಿ ಸೇವೆಯೆಂದು ಪರಿಗಣಿತವಾದುದರಿಂದ ಅದಕ್ಕೆ ಮಿತಿ 20 ಲಕ್ಷ. ಮಾಲೂರಿನವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ: 2022ರ ಏಪ್ರಿಲ್ 1ರಿಂದ ಕಟ್ಟಡದ ಇಟ್ಟಿಗೆ ಮತ್ತು ಛಾವಣಿ ಹೆಂಚುಗಳನ್ನು 40 ಲಕ್ಷದ ರಿಯಾಯಿತಿಯಿಂದ ಹೊರಗಿಡಲಾಗಿದ್ದು, ಅವುಗಳಿಗೂ 20 ಲಕ್ಷದ ಮಿತಿಯೇ ಅನ್ವಯಿಸುತ್ತದೆ. ಅವುಗಳ ತಯಾರಕರಿಗೆ ಸಾಮಾನ್ಯ ರಾಜಿ ತೆರಿಗೆ ಪದ್ಧತಿಯೂ ದೊರೆಯುವುದಿಲ್ಲ.

ತೆರಿಗೆಗೊಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ, ಕರಕುಶಲ ವಸ್ತುಗಳಂತಹ ಕೆಲವು ವಿನಾಯಿತಿಗಳನ್ನುಳಿದು, ಈ ಮಿತಿಗಳು ಅನ್ವಯಿಸುವುದಿಲ್ಲ. ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಶ್ರೀನಿವಾಸಪುರದಲ್ಲಿ ಉಪ್ಪಿನಕಾಯಿ ತಯಾರಿಸುವವರು ಬೆಂಗಳೂರಿನಲ್ಲಿ ನೋಂದಣಿಯಿಲ್ಲದೆ ಮಾರಬಹುದಾದಷ್ಟನ್ನೇ ಹತ್ತಿರದ ಮದನಪಲ್ಲಿಯಲ್ಲಿ ಮಾರುವಂತಿಲ್ಲ. ಮುಳಬಾಗಿಲು ತಾಲ್ಲೂಕಿನ ನಂಗಲಿಯಾಚೆ ಆಂಧ್ರಪ್ರದೇಶ, ಮಾಲೂರಿನ ದಕ್ಷಿಣಕ್ಕೆ ತಮಿಳುನಾಡು ಇರುವ ಈ ಜಿಲ್ಲೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ತಾಜಾ ಟೊಮೆಟೊ, ಮಾವಿನಂತಹ ತೆರಿಗೆಯಿಲ್ಲದ ಸರಕುಗಳನ್ನಷ್ಟೇ ಮಾರುವವರಿಗೆ ಈ ನೋಂದಣಿ ಅಗತ್ಯವಿಲ್ಲ. ಆದರೆ ಜೊತೆಗೆ ತೆರಿಗೆಯುಳ್ಳ ಸರಕನ್ನೂ ಮಾರಿದರೆ, ಮಿತಿಯನ್ನು ಲೆಕ್ಕಹಾಕುವಾಗ ಎರಡೂ ಮೊತ್ತಗಳನ್ನು ಕೂಡಿಸಲಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ಪಾವತಿಗಳ ಆಧಾರದಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೀಡಿದ ನೋಟಿಸುಗಳು ಸಣ್ಣ ವರ್ತಕರಲ್ಲಿ ಗಾಬರಿ ಹುಟ್ಟಿಸಿದಾಗ ಈ ನಿಯಮಗಳು ಮನೆಮಾತಾದವು.

ಬಾಕಿ ವಸೂಲಿ

ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಅಥವಾ ಸೇವೆ ಒದಗಿಸುವ ಸಣ್ಣ ಘಟಕಗಳಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಮುಖ್ಯವಾದುದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಖರೀದಿದಾರನು ಒಪ್ಪಿದ ಅವಧಿಯೊಳಗೆ ಹಣ ಕೊಡಬೇಕು. ಆ ಅವಧಿ 45 ದಿನಗಳನ್ನು ಮೀರಬಾರದು. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ದೂರನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಸಲ್ಲಿಸಬಹುದು.

ಇದಕ್ಕೆ 2020ರ ಜುಲೈ 1ರಂದು ಆರಂಭವಾದ, ಶುಲ್ಕವಿಲ್ಲದ ಉದ್ಯಮ್ ನೋಂದಣಿ ಆಧಾರ. ಸರಕು ಪೂರೈಸಿದ ನಂತರ ಮಾಡಿಸಿದ ನೋಂದಣಿ ಹಿಂದಿನ ಬಾಕಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿತು. ನೋಂದಣಿಯ ಅಗತ್ಯವನ್ನು ಕುರಿತ ಪ್ರಶ್ನೆಯನ್ನು 2025ರಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಲಾಯಿತು. ಆದಕಾರಣ ಮೊದಲ ಬಿಲ್ಲಿಗೆ ಮುನ್ನವೇ ನೋಂದಾಯಿಸಿಕೊಳ್ಳುವುದು ಕ್ಷೇಮ. ಕೇವಲ ಕೊಂಡು ಮಾರುವ ವರ್ತಕರಿಗೆ ಈ ನೋಂದಣಿಯಿಂದ ದೊರೆಯುವುದು ಆದ್ಯತಾ ವಲಯದ ಸಾಲದ ಸೌಲಭ್ಯ ಮಾತ್ರ.

ಇತರ ಅನುಮತಿಗಳು

ಪಟ್ಟಣಗಳ ಅಂಗಡಿ, ಹೋಟೆಲುಗಳಿಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961, ಆಹಾರ ಪದಾರ್ಥಗಳಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006 ಅನ್ವಯಿಸುತ್ತವೆ. 2024ರ ತಿದ್ದುಪಡಿಯಂತೆ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಎಪಿಎಂಸಿ ಪ್ರಾಂಗಣದಲ್ಲಿ ದಲ್ಲಾಳಿಯಾಗಲು ಮಾರುಕಟ್ಟೆ ಸಮಿತಿಯ ಪರವಾನಗಿ ಅವಶ್ಯ.

ಇಟ್ಟಿಗೆ ಗೂಡಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಇಟ್ಟಿಗೆ ಮಣ್ಣು ಉಪಖನಿಜವೆಂದು ಪರಿಗಣಿತವಾಗಿದೆ. ಕೃಷಿ ಭೂಮಿಯ ಅನ್ಯ ಬಳಕೆಗೆ 1964ರ ಭೂ ಕಂದಾಯ ಕಾಯ್ದೆಯ 95ನೆಯ ಕಲಮು ಅನ್ವಯಿಸುತ್ತದೆ. ಈ ಕಲಮು ಪದೇ ಪದೇ ತಿದ್ದುಪಡಿಗೊಂಡಿರುವುದರಿಂದ ಅದರ ಪ್ರಚಲಿತ ರೂಪವನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಅಂತರ್ಜಲದ ಅತಿಬಳಕೆಯಾಗಿರುವ ಜಿಲ್ಲೆ ಇದಾದ್ದರಿಂದ, 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯುವ ಮೊದಲೇ ಅನುಮತಿ ಪಡೆಯಬೇಕು.