‘ಪ್ಯಾರಿಸ್’ ಎಂದು ಕೆತ್ತಿದ್ದರೆ ಸಾಕೆ? ಹಳೆಯ ಫ್ರೆಂಚ್ ಸ್ಯಾಕ್ಸೋಫೋನಿಗೆ ಬೆಲೆ ಕಟ್ಟುವ ಬಗೆ

ಕಿಕ್ಕೇರಿ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಮದುವೆಮನೆಗಳಲ್ಲಿ ನಾದಸ್ವರ, ಡೋಲಿನ ಪಕ್ಕದಲ್ಲಿ ಸ್ಯಾಕ್ಸೋಫೋನ್ ಕಾಣುವುದು ಈಗ ಅಪರೂಪವಲ್ಲ. ಈ ವಾದ್ಯಕ್ಕೆ ಕನ್ನಡ ನಾಡಿನ ಕಚೇರಿಗಳಲ್ಲಿ ಗೌರವದ ಜಾಗ ದೊರಕಿಸಿದವರು ಕದ್ರಿ ಗೋಪಾಲನಾಥ್. ಅವರು ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ, 1949ರಲ್ಲಿ; ತಂದೆ ನಾಗಸ್ವರ ವಿದ್ವಾಂಸರು. ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೋಫೋನಿಗೆ ಮಾರುಹೋದ ಗೋಪಾಲನಾಥರು ಅದರಲ್ಲಿ ಗಮಕಗಳನ್ನು ಒಲಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ಕರ್ನಾಟಕ ಸಂಗೀತ ನುಡಿಸಿದರು.

ಆ ದಾರಿ ಹಿಡಿದವರು ಒಂದು ಹಂತ ದಾಟಿದ ಮೇಲೆ ‘ಒಳ್ಳೆ ವಾದ್ಯ’ ಹುಡುಕಲು ಹೊರಡುತ್ತಾರೆ. ಆಗ ಎದುರಾಗುವ ಮಾತು ಒಂದೇ: ಹಳೆಯದು, ಫ್ರಾನ್ಸಿನದು. ಮದುವೆ ಸುಗ್ಗಿಯ ನಾಲ್ಕಾರು ತಿಂಗಳ ಸಂಪಾದನೆಯಲ್ಲೇ ವರ್ಷ ನೂಕುವ ಕಲಾವಿದ ಆ ಎರಡು ಪದ ನಂಬಿ ಲಕ್ಷಗಟ್ಟಲೆ ಸುರಿದರೆ, ತಪ್ಪಾದಾಗ ಚೇತರಿಸಿಕೊಳ್ಳಲು ವರ್ಷಗಳು ಬೇಕು. ಹಾಗಾಗಿ ಈ ನಂಬಿಕೆಗಳನ್ನು ಒಂದೊಂದಾಗಿ ಒರೆಗೆ ಹಚ್ಚಬೇಕಿದೆ.

‘ಬೆಲ್ (ವಾದ್ಯದ ಅಗಲ ಬಾಯಿ) ಮೇಲೆ ಪ್ಯಾರಿಸ್ ಎಂದಿದ್ದರೆ ಅದು ಉತ್ತಮ ದರ್ಜೆಯ ವಾದ್ಯ’ ಎಂಬುದು ಮೊದಲ ತಪ್ಪು. ಬೆಲ್ಜಿಯಂನ ದಿನಾಂ ಪಟ್ಟಣದವನಾದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿಗೆ ಬಂದು 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. 1866ರಲ್ಲಿ ಅದರ ಅವಧಿ ಮುಗಿಯುತ್ತಿದ್ದಂತೆ ಫ್ರಾನ್ಸಿನ ಹಲವು ಕಾರ್ಖಾನೆಗಳು ಸ್ಯಾಕ್ಸೋಫೋನ್ ತಯಾರಿಕೆಗೆ ಇಳಿದವು. ಅಲ್ಲಿ ತಯಾರಾದ ವಾದ್ಯಗಳಲ್ಲಿ ಅತ್ಯುತ್ತಮವೂ ಇದ್ದವು, ಶಾಲಾ ಮಕ್ಕಳ ಅಗ್ಗದ ಮಾಲೂ ಇತ್ತು. ಅಂಗಡಿಯವರು ಹೇಳಿದ ಹೆಸರನ್ನು ಕೆತ್ತಿ ಕಳಿಸುವ ಪದ್ಧತಿಯೂ ವ್ಯಾಪಕವಾಗಿತ್ತು. ಆದ್ದರಿಂದ ಕೆತ್ತಿದ ಹೆಸರು ಮಾರಿದವರದ್ದೋ ಮಾಡಿದವರದ್ದೋ ಎಂಬುದನ್ನು ಮೊದಲು ಕೇಳಬೇಕು.

‘ಸೆಲ್ಮರ್’ ಎಂಬ ಹೆಸರಿನಲ್ಲೂ ಇದೇ ಗೊಂದಲವಿದೆ. 1885ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಆನ್ರಿ ಸೆಲ್ಮರ್ ಕಂಪನಿ ಬೇರೆ, ಅದೇ ಹೆಸರಿನಲ್ಲಿ ಬೆಳೆದ ಅಮೆರಿಕದ ಕಂಪನಿ ಬೇರೆ. ಅಮೆರಿಕದವರು ವಿದ್ಯಾರ್ಥಿಗಳಿಗೆಂದು ಮಾಡಿದ ‘ಬಂಡಿ’ ಸ್ಯಾಕ್ಸೋಫೋನುಗಳ ಮೇಲೂ ಸೆಲ್ಮರ್ ಎಂದೇ ಇರುತ್ತದೆ. ಕಲಿಯುವವರಿಗೆ ಅದು ಸರಿಯಾದ ವಾದ್ಯವೇ, ಆದರೆ ಅದಕ್ಕೆ ಫ್ರೆಂಚ್ ವಾದ್ಯದ ಬೆಲೆ ಕೊಡಬೇಕಿಲ್ಲ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಪ್ಯಾರಿಸ್ ಸೆಲ್ಮರಿನ ಪ್ರಸಿದ್ಧ ‘ಮಾರ್ಕ್ ಸಿಕ್ಸ್’ ವಾದ್ಯಗಳಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದವುಗಳ ಜೋಡಣೆ, ಲ್ಯಾಕರ್ ಲೇಪನ, ಕೆತ್ತನೆ ಇಂಡಿಯಾನಾ ರಾಜ್ಯದ ಎಲ್ಕಾರ್ಟ್‌ನಲ್ಲಿ ನಡೆಯುತ್ತಿತ್ತು. ಕೆತ್ತನೆಯ ಶೈಲಿ ಬೇರೆಯೆಂಬ ಕಾರಣಕ್ಕೆ ಅಂಥದ್ದನ್ನು ನಕಲಿ ಎನ್ನುವುದು ತಪ್ಪು.

‘ಹಳೆಯದಾದಷ್ಟೂ ನಾದ ಮಾಗುತ್ತದೆ’ ಎಂಬ ಮಾತು ತಂಬೂರಿ, ವೀಣೆ, ಪಿಟೀಲುಗಳ ಲೋಕದಿಂದ ಬಂದದ್ದು. ಹಿತ್ತಾಳೆಯ ವಾದ್ಯಕ್ಕೆ ಅದು ಹೊಂದುವುದಿಲ್ಲ. ಕಾಲ ಕಳೆದಂತೆ ರಂಧ್ರ ಮುಚ್ಚುವ ಪ್ಯಾಡುಗಳ ಚರ್ಮ ಗಟ್ಟಿಯಾಗುತ್ತದೆ, ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ, ಕೀಗಳ ಸಂದು ಸವೆದು ಸಡಿಲವಾಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಕೀಗಳ ಜೋಡಣೆ. ಸೆಲ್ಮರ್ 1936ರ ಹೊತ್ತಿಗೆ ತಂದ ‘ಬ್ಯಾಲೆನ್ಸ್ಡ್ ಆಕ್ಷನ್’ ಮಾದರಿಯಲ್ಲಿ ಕೀಗಳ ವ್ಯವಸ್ಥೆಯೇ ಬದಲಾಯಿತು. ಅಲ್ಲಿಂದ ಬೆಳೆದು 1954ರ ಮಾರ್ಕ್ ಸಿಕ್ಸ್‌ನಲ್ಲಿ ನೆಲೆನಿಂತ ಆ ವಿನ್ಯಾಸವನ್ನೇ ಜಪಾನಿನ ಯಮಾಹಾ, ಯಾನಗಿಸಾವಾ ಸೇರಿದಂತೆ ಇಂದಿನ ಹೆಚ್ಚಿನ ತಯಾರಕರು ಅನುಸರಿಸುತ್ತಾರೆ. ಇಂದಿನ ವಾದ್ಯದಲ್ಲಿ ಕೈ ಪಳಗಿದವರು ಶತಮಾನದ ಹಿಂದಿನದನ್ನು ಕೈಗೆತ್ತಿಕೊಂಡರೆ ಕಿರುಬೆರಳು ತಡಕಾಡುತ್ತದೆ, ವೇಗದ ಕಲ್ಪನಾಸ್ವರ ಮುಗ್ಗರಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಮುಳುಗಿಸುವ ಸಂಗತಿ ಶ್ರುತಿ. ಫ್ರಾನ್ಸ್ ಸರ್ಕಾರ 1859ರಲ್ಲೇ ತನ್ನ ಪ್ರಮಾಣ ಶ್ರುತಿಯನ್ನು 435 ಹರ್ಟ್ಸ್ ಎಂದು ಗೊತ್ತುಮಾಡಿತ್ತು. ಇಂದಿನ ಲೋಕಮಾನ್ಯ ಅಳತೆ 440. ಆದರೆ ಬ್ರಿಟಿಷ್ ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ 452ರ ಆಸುಪಾಸಿನ ಎತ್ತರದ ಶ್ರುತಿಯಲ್ಲಿ ನುಡಿಸುತ್ತಿದ್ದವು. ಫ್ರೆಂಚ್ ಕಾರ್ಖಾನೆಗಳು ಹೊರದೇಶದ ಗಿರಾಕಿಗಳಿಗೆಂದು ಎತ್ತರದ ಶ್ರುತಿಯ ವಾದ್ಯಗಳನ್ನೂ ಮಾಡಿವೆ. ವಸಾಹತು ಕಾಲದಲ್ಲಿ ಭಾರತಕ್ಕೆ ಬಂದ ವಾದ್ಯವೆಂದರೆ ಮೊದಲು ಹುಟ್ಟಬೇಕಾದ ಅನುಮಾನ ಇದೇ.

440 ಮತ್ತು 452ರ ಶ್ರುತಿಗಳ ನಡುವಿನ ಅಂತರ ಸುಮಾರು ಅರ್ಧ ಸ್ವರಸ್ಥಾನದಷ್ಟು. ಒಬ್ಬರೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹೊಂದಿಸಿಕೊಂಡು ನುಡಿಸಿದರೆ ಈ ದೋಷ ಗೊತ್ತೇ ಆಗುವುದಿಲ್ಲ. ಕೀಬೋರ್ಡೋ ಮತ್ತೊಂದು ಸ್ಯಾಕ್ಸೋಫೋನೋ ಜೊತೆಗೂಡಿದ ಕೂಡಲೇ ಅಪಸ್ವರ ಕಿವಿಗೆ ಹೊಡೆಯುತ್ತದೆ. ಮೌತ್‌ಪೀಸನ್ನು ಹೊರಗೆ ಎಳೆದರೆ ಸರಿಹೋಗುತ್ತದೆ ಎನ್ನುವ ಸಲಹೆಯನ್ನು ನಂಬಬಾರದು. ಹಾಗೆ ಎಳೆದಾಗ ಮೇಲಿನ ರಂಧ್ರಗಳ ಸ್ವರ ಹೆಚ್ಚು ಇಳಿಯುತ್ತದೆ, ಕೆಳಗಿನವು ಕಡಿಮೆ ಇಳಿಯುತ್ತವೆ, ಸ್ಥಾಯಿಯೇ ಹದ ತಪ್ಪುತ್ತದೆ. ಕೆಲವು ವಾದ್ಯಗಳ ಮೇಲೆ ‘ಎಚ್‌ಪಿ’ ಅಥವಾ ‘ಎಲ್‌ಪಿ’ ಎಂಬ ಗುರುತು ಇರುತ್ತದೆ: ಮೊದಲನೆಯದು ಎತ್ತರದ್ದು, ಎರಡನೆಯದು ತಗ್ಗಿನದ್ದು. ಗುರುತಿಲ್ಲದಿದ್ದರೆ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಸ್ವರವನ್ನು ಟ್ಯೂನರ್ ಇಟ್ಟು ನುಡಿಸಿ ನೋಡಬೇಕು. ಎತ್ತರದ ಶ್ರುತಿಯ ವಾದ್ಯ ಎಷ್ಟು ಅಂದವಾಗಿದ್ದರೂ ಕಚೇರಿಗೆ ಒದಗುವುದಿಲ್ಲ, ಪ್ರದರ್ಶನದ ವಸ್ತುವಾಗಿ ಮಾತ್ರ ಅದಕ್ಕೆ ಬೆಲೆ.

‘ಐದಂಕಿಯ ಸೆಲ್ಮರ್’ ಎಂಬ ಮಾತನ್ನು ವಾದಕರು ಗೌರವದಿಂದ ಆಡುತ್ತಾರೆ. ಮಾರ್ಕ್ ಸಿಕ್ಸ್‌ನ ಕ್ರಮಸಂಖ್ಯೆ 55,000ದ ಆಚೆಯಿಂದ ಶುರುವಾಗಿ 1962ರ ಹೊತ್ತಿಗೆ ಲಕ್ಷ ದಾಟಿತು. ಅದಕ್ಕೂ ಮುಂಚಿನವು ಶ್ರೇಷ್ಠ ಎಂಬ ನಂಬಿಕೆಯಿಂದ ಅವುಗಳ ಬೆಲೆ ಏರಿದೆ. ಬೆಲೆ ಏರಿರುವುದು ನಿಜ, ನಾದ ಅದೇ ಲೆಕ್ಕದಲ್ಲಿ ಏರುತ್ತದೆ ಎಂಬುದು ನಿಜವಲ್ಲ. ಸುಮಾರು ಎರಡು ದಶಕಗಳ ಅವಧಿಯಲ್ಲಿ ಮಾರ್ಕ್ ಸಿಕ್ಸ್‌ನ ಕೊಳವೆ, ಮೌತ್‌ಪೀಸ್ ಕೂರುವ ನೆಕ್ ಹಲವು ಸಲ ತುಸು ತುಸು ಬದಲಾದವು, ಕೈಕೆಲಸದಲ್ಲೂ ವಾದ್ಯದಿಂದ ವಾದ್ಯಕ್ಕೆ ವ್ಯತ್ಯಾಸವಿತ್ತು. ಐದಂಕಿಯ ಜೊಳ್ಳೂ ಉಂಟು, ಆರಂಕಿಯ ಅಪ್ಪಟವೂ ಉಂಟು. ಕ್ರಮಸಂಖ್ಯೆಯಿಂದ ತಯಾರಾದ ವರ್ಷ ಅಂದಾಜಿಗೆ ಸಿಗುತ್ತದೆ. ಗುಣವನ್ನು ಹೇಳುವ ಶಕ್ತಿ ಆ ಸಂಖ್ಯೆಗೆ ಇಲ್ಲ.

ಎರಡನೇ ಮಹಾಯುದ್ಧದ ತೋಪಿನ ಗುಂಡುಗಳ ಹಿತ್ತಾಳೆ ಚಿಪ್ಪು ಕರಗಿಸಿ ಈ ವಾದ್ಯಗಳನ್ನು ಮಾಡಿದರು, ಅದಕ್ಕೇ ಆ ನಾದ ಎಂಬ ಕಥೆ ಜಗತ್ತಿನ ಎಲ್ಲೆಡೆ ಓಡಾಡುತ್ತಿದೆ. ಸ್ಯಾಕ್ಸೋಫೋನಿಗೆ ಬಳಸುವ ಹಿತ್ತಾಳೆಯೂ ಗುಂಡಿನ ಚಿಪ್ಪಿನ ಹಿತ್ತಾಳೆಯೂ ತಾಮ್ರ ಹಾಗೂ ಸತುವಿನ ಹೆಚ್ಚುಕಡಿಮೆ ಅದೇ ಮಿಶ್ರಣ. ಕಥೆ ಹುಟ್ಟಲು ಅಷ್ಟು ಸಾಕಾಯಿತು, ಪುರಾವೆ ಮಾತ್ರ ಇಲ್ಲ. ಲೋಹವೇ ನಾದವನ್ನು ತೀರ್ಮಾನಿಸುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಂತಿಲ್ಲ. ಅಮೆರಿಕದ ವಿಜ್ಞಾನಿ ಜಾನ್ ಕೋಲ್ಟ್‌ಮನ್ 1971ರಲ್ಲಿ ಬೆಳ್ಳಿ, ತಾಮ್ರ, ಮರದಿಂದ ಒಂದೇ ಒಳ ಅಳತೆಯ ಕೊಳಲುಗಳನ್ನು ಮಾಡಿ ಮರೆಯಿಂದ ನುಡಿಸಿದಾಗ, ಕೇಳುಗರಿಗೆ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ. ಜಾಝ್ ದೊರೆ ಚಾರ್ಲಿ ಪಾರ್ಕರ್ 1953ರಲ್ಲಿ ಟೊರಾಂಟೋದ ಮ್ಯಾಸಿ ಹಾಲ್‌ನ ಹೆಸರಾಂತ ಕಚೇರಿಯಲ್ಲಿ ಹಿಡಿದದ್ದು ಗ್ರಾಫ್ಟನ್ ಎಂಬ ಪ್ಲಾಸ್ಟಿಕ್ ಸ್ಯಾಕ್ಸೋಫೋನ್! ನಾದವನ್ನು ರೂಪಿಸುವುದು ಶಂಕುವಿನಾಕಾರದ ಕೊಳವೆಯ ಒಳ ಅಳತೆ, ರಂಧ್ರಗಳ ಜಾಗ, ಮೌತ್‌ಪೀಸ್, ರೀಡ್, ಕೊನೆಗೆ ನುಡಿಸುವವರ ತುಟಿ, ಉಸಿರು, ಗಂಟಲು. ಗಮಕ ಹುಟ್ಟುವುದೂ ಅಲ್ಲೇ.

ಹೊಳಪಿನ ವಿಚಾರದಲ್ಲಿ ಕಣ್ಣು ಮೋಸ ಹೋಗುವುದು ಸುಲಭ. ಬಂಗಾರದ ಬಣ್ಣ ಬಹುತೇಕ ಬರೀ ಲ್ಯಾಕರಿನದು, ನಿಜವಾದ ಚಿನ್ನದ ಲೇಪನ ಬಲು ಅಪರೂಪ. ಹಳೆಯ ವಾದ್ಯ ಹೊಸದರಂತೆ ಥಳಥಳಿಸುತ್ತಿದ್ದರೆ ಅದನ್ನು ಉಜ್ಜಿ ಮತ್ತೆ ಲ್ಯಾಕರ್ ಹೊಡೆದಿರಬಹುದು. ಲ್ಯಾಕರಿನಿಂದ ನಾದ ಕೆಡುವುದಿಲ್ಲ, ಕೆಡಿಸುವುದು ಯಂತ್ರದಲ್ಲಿ ಹಾಕಿ ಉಜ್ಜುವ ಕೆಲಸ. ಅದರಿಂದ ಲೋಹ ತೆಳುವಾಗುತ್ತದೆ, ರಂಧ್ರಗಳ ಅಂಚು ಸವೆದು ಪ್ಯಾಡ್ ಸರಿಯಾಗಿ ಕೂರುವುದಿಲ್ಲ, ಕೆತ್ತನೆ ಮಾಸುತ್ತದೆ. ಹೀಗೆ ‘ಹೊಸದಾದ’ ವಾದ್ಯಕ್ಕೆ ಮೂಲ ಲ್ಯಾಕರ್ ಉದುರಿ ಮಂಕಾದ ವಾದ್ಯಕ್ಕಿಂತ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ.

‘ಸೆಲ್ಮರ್ ಬಿಟ್ಟರೆ ಉಳಿದ ಫ್ರೆಂಚ್ ವಾದ್ಯಗಳು ಲೆಕ್ಕಕ್ಕಿಲ್ಲ’ ಎನ್ನುವವರಿಗೆ 1825ರಲ್ಲಿ ಶುರುವಾದ ಬ್ಯುಫೆ ಕ್ರಾಂಪೋನ್ ಒಂದೇ ಸಾಕಾದ ಉತ್ತರ. ಅದರ ‘ಸೂಪರ್ ಡೈನಾಕ್ಷನ್’ ಮಾದರಿಯನ್ನು ಮೆಚ್ಚುವ ವೃತ್ತಿಪರರು ಇಂದಿಗೂ ಇದ್ದಾರೆ. ‘ಎಸ್‌ಎಂಎಲ್’ ಎಂದು ಗುರುತಿರುವ ಸ್ಟ್ರಾಸರ್ ಮಾರಿಗೋ ಲೆಮೇರ್ ವಾದ್ಯಗಳ ಗಟ್ಟಿತನ, ಕೈಕೆಲಸ ಮೇಲ್ದರ್ಜೆಯದು. ಬೋನ್ಯೆ, ದೋಲ್ನೆ, ಕುಯೆನೋನ್ ಕಾರ್ಖಾನೆಗಳಿಂದಲೂ ನುಡಿಸಲು ಯೋಗ್ಯವಾದವು ಬಂದಿವೆ. ಹೆಸರಿನ ಮೋಹ ಕಡಿಮೆ ಇರುವುದರಿಂದ ಇವುಗಳ ಬೆಲೆ ಸೆಲ್ಮರಿಗಿಂತ ಸಾಕಷ್ಟು ಕೆಳಗೆ. ಕಚೇರಿಗೆ ವಾದ್ಯ ಬೇಕಾದವರು ಮೊದಲು ನೋಡಬೇಕಾದದ್ದು ಇವನ್ನೇ. ಆದರೆ ವಿಚಿತ್ರ ಕೀ ಜೋಡಣೆಯ ಮಾದರಿಗಳೂ ಇವುಗಳಲ್ಲಿವೆ, ಬಿಡಿಭಾಗ ಸಿಗುವುದೂ ಕಷ್ಟ.

‘ಅರಮನೆ ಬ್ಯಾಂಡಿನದು’ ಎಂಬ ಮಾತಿಗೂ ದಾಖಲೆ ಬೇಕು. ಮುದ್ರೆ, ರಸೀದಿ, ಹಳೆಯ ಚಿತ್ರ ಯಾವುದೂ ಇಲ್ಲದೆ ಬರೀ ಬಾಯಿಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬಾರದು.

ಕೊಳ್ಳುವ ಮುನ್ನ ಕೊಳವೆಯೊಳಗೆ ಸಣ್ಣ ದೀಪ ಇಳಿಬಿಟ್ಟು, ಕತ್ತಲಲ್ಲಿ ಪ್ಯಾಡುಗಳ ಸಂದಿಯಿಂದ ಬೆಳಕು ಸೋರುತ್ತದೆಯೇ ನೋಡಿ. ನೆಕ್ ಬಾಗಿದೆಯೇ, ಅದು ಆ ವಾದ್ಯದ ಮೂಲ ನೆಕ್ ಹೌದೇ ವಿಚಾರಿಸಿ. ಪ್ಯಾಡು, ಸ್ಪ್ರಿಂಗು ಪೂರ್ತಿ ಬದಲಿಸುವ ಖರ್ಚನ್ನು ರಿಪೇರಿಯವರಿಂದ ಕೇಳಿ ತಿಳಿದು ಬೆಲೆಯಲ್ಲಿ ಕಳೆಯಿರಿ. ಇನ್ನು ಮನೆಯ ಅಟ್ಟದಲ್ಲೋ ಬ್ಯಾಂಡ್ ಸೆಟ್ಟಿನ ಪೆಟ್ಟಿಗೆಯಲ್ಲೋ ತಾತನ ಕಾಲದ ಸ್ಯಾಕ್ಸೋಫೋನ್ ಇಟ್ಟುಕೊಂಡವರು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ತೂಕದ ಲೆಕ್ಕದಲ್ಲಿ ಗುಜರಿಗೆ ಕೊಡಬೇಡಿ. ಮೊದಲು ನುಡಿಸಬಲ್ಲ ಒಬ್ಬರ ಕೈಗೆ ಕೊಟ್ಟು ತೋರಿಸಿ.